ಠಾಣೆಯ ಸಿಸಿಟಿವಿ ದೃಶ್ಯ ಪಡೆಯುವುದು: ಕೊಡಗಿನಲ್ಲಿ ನನ್ನ ಅನುಭವ

ಠಾಣೆಯಲ್ಲಿ ಹೊಡೆದರು ಎಂದು ಯಾರಾದರೂ ಬಂದರೆ ನಾನು ಮೊದಲು ಬರೆಯುವುದು ದೂರಲ್ಲ, ಸಿಸಿಟಿವಿ ದೃಶ್ಯ ಕಾಯ್ದಿಡಿ ಎಂಬ ಅರ್ಜಿ. ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಕೂತುಬಿಡುತ್ತದೆ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ 18 ತಿಂಗಳು ಇಡಿ, ಏನೇ ಆದರೂ ಒಂದು ವರ್ಷಕ್ಕೆ ಕಡಿಮೆಯಾಗದಿರಲಿ ಎಂದಿದೆ. ಅದನ್ನು ನಂಬಿ ಕೂರಬಾರದು.

ಅರ್ಜಿಯಲ್ಲಿ ಇರಬೇಕಾದ್ದು ದಿನಾಂಕ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಯಾವ ಕ್ಯಾಮೆರಾ: ಲಾಕಪ್ ಹೊರಗೆ, ಕಾರಿಡಾರ್, ಎಸ್‌ಐ ಕೊಠಡಿ, ಹಿಂಬದಿ. ಶೌಚಾಲಯದ ಹೊರಗಿನದನ್ನು ಬಹಳ ಜನ ಮರೆಯುತ್ತಾರೆ. ಒಂದು ಪ್ರತಿ ಠಾಣೆಗೆ, ಒಂದು ಎಸ್‌ಪಿ ಕಚೇರಿಗೆ. ಅರ್ಜಿ ಪಡೆದದ್ದಕ್ಕೆ ಸೀಲ್ ಹಾಕಲು ಸತಾಯಿಸಿದರೆ ಅಲ್ಲೇ ವಾದಿಸದೆ ಸ್ಪೀಡ್ ಪೋಸ್ಟ್ ಮಾಡಿ.

ಆಮೇಲೆ ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್, 150 ಪದ, ಒಂದೇ ವಿಷಯ. ದೃಶ್ಯಕ್ಕೆ ಒಂದು ಅರ್ಜಿ, ಕ್ಯಾಮೆರಾ ಕೆಟ್ಟ ವರದಿಗಳಿಗೆ ಇನ್ನೊಂದು. "ಯಾಕೆ" ಎಂದು ಕೇಳಿದಿರೋ, ಅರ್ಜಿ ವಾಪಸ್.

ಭಾಗಮಂಡಲ, ನಾಪೋಕ್ಲು ಕಡೆ ಜೂನ್ ಬಂತೆಂದರೆ "ಕರೆಂಟ್ ಇರಲಿಲ್ಲ" ಎಂಬ ಉತ್ತರ ಸಿದ್ಧ. ಆಗ ಇಲ್ಲಿಗೆ ವಿದ್ಯುತ್ ಕೊಡುವ ಕಂಪನಿ ಸೆಸ್ಕ್‌ಗೆ ಮೂರನೇ ಅರ್ಜಿ: ಆ ಫೀಡರ್‌ನಲ್ಲಿ ಆ ದಿನ ವಿದ್ಯುತ್ ಹೋದ, ಬಂದ ಸಮಯ. ಎರಡೂ ಉತ್ತರ ಪಕ್ಕಪಕ್ಕ ಇಟ್ಟರೆ ಅರ್ಧ ಕೇಸು ಅಲ್ಲೇ ತೆರೆದುಕೊಳ್ಳುತ್ತದೆ. ಕರೆಂಟ್ ನಿಜಕ್ಕೂ ಹೋಗಿದ್ದರೂ ಮಾತು ಮುಗಿಯುವುದಿಲ್ಲ. ಅದೇ ಸೈನಿ ತೀರ್ಪಿನ ಪ್ರಕಾರ ವಿದ್ಯುತ್ ಇಲ್ಲದ ಕಡೆ ಸೋಲಾರ್ ಆದರೂ ಸರಿ, ಒದಗಿಸಬೇಕಾದ್ದು ಸರ್ಕಾರ. ಕ್ಯಾಮೆರಾ ಕೆಟ್ಟರೆ, ಠಾಣೆಗಳ ಸಿಸಿಟಿವಿ ನೋಡಿಕೊಳ್ಳುವ ಜಿಲ್ಲಾ ಮೇಲುಸ್ತುವಾರಿ ಸಮಿತಿಗೆ ತಕ್ಷಣ ತಿಳಿಸಬೇಕಾದ್ದು ಠಾಣಾಧಿಕಾರಿ.

ಆ ಸಮಿತಿಯಲ್ಲಿ ಯಾರಿರಬೇಕು? ಪ್ರಾದೇಶಿಕ ಆಯುಕ್ತರು, ಡಿಸಿ, ಎಸ್‌ಪಿ, ಎಲ್ಲ ಕಾರ್ಯಾಂಗದವರೇ. ಗ್ರಾಮೀಣ ಜಿಲ್ಲೆಯಲ್ಲಿ ಚುನಾಯಿತರ ಕುರ್ಚಿ ಜಿಲ್ಲಾ ಪಂಚಾಯಿತಿ ಅಧ್ಯಕ್ಷರದು. ನಮ್ಮಲ್ಲಿ ಜಿ.ಪಂ. ಅವಧಿ ಮುಗಿದದ್ದು 2021ರಲ್ಲಿ, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಹಾಗಾಗಿ ಉಳಿಯುವ ದಾರಿ ಮಡಿಕೇರಿ, ವಿರಾಜಪೇಟೆ ಶಾಸಕರಿಬ್ಬರು.

ಅವರಿಗೆ "ಪೊಲೀಸರ ಮೇಲಿನ ದೂರು ಕೇಳಲು ಕಾನೂನು ತನ್ನಿ" ಎಂದು ಮನವಿ ಕೊಡುವುದು ದಂಡ. ಪೊಲೀಸ್ ಸುಧಾರಣೆ ಬಗ್ಗೆ ಸುಪ್ರೀಂ ಕೋರ್ಟಿನ ಪ್ರಕಾಶ್ ಸಿಂಗ್ ತೀರ್ಪು (2006) ಬಂದ ಮೇಲೆ 1963ರ ಪೊಲೀಸ್ ಕಾಯ್ದೆಗೆ 2012ರಲ್ಲೇ ತಿದ್ದುಪಡಿಯಾಗಿ, ಜಿಲ್ಲಾ ಪೊಲೀಸ್ ದೂರು ಪ್ರಾಧಿಕಾರ ಕಲಂ 20ಡಿ ಆಗಿ ಕೂತಿದೆ. ಶಾಸಕಾಂಗದ ಕೆಲಸ ಅಲ್ಲಿಗೆ ಅರ್ಧ ಆಯಿತು. ಸದಸ್ಯರು, ಕಚೇರಿ, ಸಿಬ್ಬಂದಿ ಬರಬೇಕಾದ್ದು ಸರ್ಕಾರಿ ಆದೇಶದಿಂದ. ಉಳಿದರ್ಧ, ಅಂದರೆ ಸರ್ಕಾರವನ್ನು ಸದನದಲ್ಲಿ ಕೇಳುವುದು, ಶಾಸಕರ ಪಾಲಿನದು. ಅದಕ್ಕೇ ನಾನು ಮನವಿ ಬರೆಯುವುದಿಲ್ಲ, ಚುಕ್ಕೆ ಗುರುತಿಲ್ಲದ (ಸದನದಲ್ಲಿ ಲಿಖಿತ ಉತ್ತರ ಬರುವ) ಪ್ರಶ್ನೆಯ ಕರಡನ್ನೇ ಬರೆದು ಕೊಡುತ್ತೇನೆ: ಕೊಡಗಿನ ಪ್ರಾಧಿಕಾರಕ್ಕೆ ಈ ವರ್ಷ ಬಂದ ದೂರು ಎಷ್ಟು, ವಿಲೇವಾರಿ ಎಷ್ಟು, ಸಭೆ ನಡೆದ ದಿನಾಂಕಗಳು ಯಾವುವು? "ಪರಿಶೀಲನೆಯಲ್ಲಿದೆ" ಎಂದು ಜಾರಿಕೊಳ್ಳಲು ಇದರಲ್ಲಿ ಜಾಗವಿಲ್ಲ.