ಇಂಗ್ಲೆಂಡಿನ ಮೆಟಲ್ ಡಿಟೆಕ್ಟರ್ (ಲೋಹ ಶೋಧಕ ಯಂತ್ರ) ಕ್ಲಬ್ಬಿಗೆ ಹೊಸದಾಗಿ ಸೇರಿದವರಿಗೆ: ಕೊಯ್ಲಿನ ನಂತರದ ಹೊಲ

ಆಗಸ್ಟಿನಲ್ಲಿ ಗೋಧಿ ಕೊಯ್ಲಾಗುತ್ತಿದ್ದಂತೆ ಹೊಲಗಳಲ್ಲಿ ಹಳೆಯ ನಾಣ್ಯ, ಆಭರಣಗಳಿಗಾಗಿ ಕ್ಲಬ್ಬುಗಳ ಭಾನುವಾರದ ಹುಡುಕಾಟ ಬಿರುಸಾಗುತ್ತದೆ. ಆದರೆ ಕೂಳೆ ಗೇಣುದ್ದ ನಿಂತಿದ್ದರೆ ಕಾಯಿಲ್ (ಯಂತ್ರದ ತುದಿಯ ತಟ್ಟೆ) ನೆಲಕ್ಕೆ ತಾಗದೆ ತೇಲುತ್ತದೆ, ಕಾಳಿನಷ್ಟು ಹಗುರಾದ ಬೆಳ್ಳಿ ನಾಣ್ಯದ ಸದ್ದು ಬರುವುದೇ ಇಲ್ಲ. ಅಲ್ಲಿ ಚಿಕ್ಕ ಕಾಯಿಲ್ ಹಾಕಿ, ಸಾಲಿನ ಉದ್ದಕ್ಕೇ ನಡೆಯಿರಿ. ನಿಜವಾದ ಸುಗ್ಗಿ ಬರುವುದು ಉತ್ತು, ಹೆಂಟೆ ಒಡೆದು, ರೋಲರ್ ಓಡಿಸಿದ ಮೇಲೆ. ಮೊಳಕೆ ಬಂದ ಹೊಲಕ್ಕಂತೂ ರೈತರನ್ನು ಕೇಳದೆ ಕಾಲಿಡಬೇಡಿ.

ಯಂತ್ರ ಬೀಸುವಾಗ ಕೈ ಎರಡೂ ತುದಿಯಲ್ಲಿ ಮೇಲೇಳುತ್ತದೆ. ಹೊಸಬರೆಲ್ಲರ ತಪ್ಪು ಇದು. ಪ್ರತಿ ಬೀಸೂ ಹಿಂದಿನದರ ಅರ್ಧ ಭಾಗದ ಮೇಲೆ ಹಾಯಲಿ. ಕ್ಯಾನಿನ ಉಂಗುರ, ಅಲ್ಯೂಮಿನಿಯಂ ಹಾಳೆ ಚಿನ್ನದುಂಗುರದಂತೆಯೇ ಕೂಗುತ್ತವೆ; ಬೇಸರವಾದರೂ ಅಗೆಯಿರಿ, ಕಸವನ್ನು ಜೇಬಿಗೆ ಹಾಕಿಕೊಳ್ಳಿ, ಗುಂಡಿ ಮುಚ್ಚಿ. ಹುಲ್ಲುಗಾವಲಾದರೆ ಮಣ್ಣನ್ನು ಮೂರು ಬದಿ ಕತ್ತರಿಸಿ, ನಾಲ್ಕನೆಯದನ್ನು ಬಿಟ್ಟು ಮುಚ್ಚಳದಂತೆ ಮಗುಚಿ, ಬೇರು ಒಣಗುವುದಿಲ್ಲ.

ಸಿಕ್ಕ ನಾಣ್ಯವನ್ನು ಅಲ್ಲೇ ಉಜ್ಜಬೇಡಿ, ಅಂಟಿದ ಮರಳೇ ಅದರ ಮುಖ ಗೀಚುತ್ತದೆ. ಜಾಗವನ್ನು ನಕ್ಷೆಯ ಎಂಟು ಅಂಕಿಯ ಗ್ರಿಡ್ ಸಂಖ್ಯೆಯಲ್ಲಿ ಬರೆದಿಡಿ, ಹತ್ತು ಮೀಟರಿನ ನಿಖರತೆ ಸಿಗುತ್ತದೆ. 300 ವರ್ಷ ಮೀರಿದ ಬೆಳ್ಳಿ-ಚಿನ್ನದ ಆಭರಣ, ಅಥವಾ ಒಂದೇ ಕಡೆ ಸಿಕ್ಕ ಅಂಥ ಎರಡು ನಾಣ್ಯಗಳನ್ನು 1996ರ ಟ್ರೆಷರ್ (ನಿಧಿ) ಕಾಯ್ದೆಯಂತೆ 14 ದಿನದೊಳಗೆ, ನಿಧಿ ಪ್ರಕರಣ ವಿಚಾರಿಸುವ ಅಧಿಕಾರಿಯಾದ ಕರೋನರ್‌ಗೆ ತಿಳಿಸಲೇಬೇಕು. ನಿಮ್ಮ ಜಿಲ್ಲೆಯ ಫೈಂಡ್ಸ್ ಲಿಯೇಜಾನ್ ಅಧಿಕಾರಿ, ಅಂದರೆ ಸಿಕ್ಕ ವಸ್ತುಗಳನ್ನು ದಾಖಲಿಸುವವರು, ಈ ಕೆಲಸಕ್ಕೆ ನೆರವಾಗುತ್ತಾರೆ.

ರಜೆಗೆ ಊರಿಗೆ ಹೋಗುವಾಗ ಯಂತ್ರ ಇಲ್ಲೇ ಇರಲಿ. ಭಾರತದಲ್ಲಿ 1878ರ ನಿಧಿ ಕಾಯ್ದೆ ಬೇರೆಯೇ ಇದೆ, ಹಂಪಿಯಂಥ ಸಂರಕ್ಷಿತ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ.