ಶಾಲು ಹೊದಿಸುವುದನ್ನು ನಿಲ್ಲಿಸಿದ ಮೇಲೆ

ನಾನು ಮದ್ದೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕ. 2011ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿವಸದ ಸಂದರ್ಭದಲ್ಲಿ, ಹತ್ತಿರದ ಹಳ್ಳಿಯ ಮಡಿದ ಯೋಧರೊಬ್ಬರ ತಾಯಿಯನ್ನು ಶಾಲೆಗೆ ಕರೆಸಿ ಸನ್ಮಾನಿಸಿದೆವು. ಮುಖ್ಯ ಅತಿಥಿಗಳು ಬರುವುದು ಒಂದೂವರೆ ಗಂಟೆ ತಡವಾಯಿತು. ಅಷ್ಟೂ ಹೊತ್ತು ಆ ತಾಯಿ ಸೆರಗು ಹೊದ್ದು ಶಾಮಿಯಾನದ ಕೆಳಗೆ ಒಬ್ಬರೇ ಕುಳಿತಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೊ ಎಲ್ಲವೂ ಹತ್ತು ನಿಮಿಷದಲ್ಲಿ ಮುಗಿದವು. ಸಂಜೆ ಅವರನ್ನು ಬಸ್ಸಿಗೆ ಹತ್ತಿಸಲು ಹೋದಾಗ ಅವರು ನನ್ನ ಕೈ ಹಿಡಿದು, "ಮೇಷ್ಟ್ರೇ, ನಮ್ ಹುಡ್ಗ ಹೋಗಿದ್ದು ಕಾರ್ತೀಕದಲ್ಲಿ ಕಣಪ್ಪ. ಆವತ್ತು ಯಾರೂ ಬರಾಕಿಲ್ಲ" ಎಂದರು.

ಆ ಮಾತಿನಲ್ಲಿ ದೂರು ಇರಲಿಲ್ಲ. ಆದರೆ ಅವರ ಮಗ ಕಾರ್ಗಿಲ್ ಯುದ್ಧದಲ್ಲಿ ಮಡಿದವರೇ ಅಲ್ಲ, ಅದಾದ ಕೆಲವು ವರ್ಷಗಳ ನಂತರ ಕಾಶ್ಮೀರದಲ್ಲಿ ಕರ್ತವ್ಯದಲ್ಲಿದ್ದಾಗ ತೀರಿಕೊಂಡವರು ಎಂಬುದನ್ನು ನಾನು ವಿಚಾರಿಸಿಯೇ ಇರಲಿಲ್ಲ. ಇನ್ನೊಂದು ತಪ್ಪನ್ನು ಮರುದಿನ ಊರಿನ ನಿವೃತ್ತ ಹವಾಲ್ದಾರರೊಬ್ಬರು ತೋರಿಸಿಕೊಟ್ಟರು. ಆಹ್ವಾನ ಪತ್ರಿಕೆಯಲ್ಲಿ ನಾವು ಆ ಯೋಧರನ್ನು 'ಸಿಪಾಯಿ' ಎಂದು ಅಚ್ಚು ಹಾಕಿಸಿದ್ದೆವು. ಅವರು ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು, ಅಲ್ಲಿ ಆ ಹುದ್ದೆಯವರನ್ನು ಸ್ಯಾಪರ್ ಎನ್ನುತ್ತಾರೆ. ಕಾಲಾಳುಪಡೆಯ ಸಿಪಾಯಿ, ಫಿರಂಗಿದಳದ ಗನ್ನರ್, ಎಂಜಿನಿಯರ್ ದಳದ ಸ್ಯಾಪರ್ ಎಂಬ ಭೇದ ನಮಗೆ ಸಣ್ಣದಾಗಿ ಕಾಣಬಹುದು, ಆದರೆ ಆ ಹೆಸರಿನಲ್ಲೇ ವರ್ಷಗಟ್ಟಲೆ ಕರೆಸಿಕೊಂಡವರಿಗೆ ಅದು ಅವರ ಗುರುತೇ ಆಗಿರುತ್ತದೆ. ಸನ್ಮಾನ ಮಾಡುವ ಆತುರದಲ್ಲಿ ನಾವು ಆ ಯೋಧರ ದಿನವನ್ನೂ ಮರೆತಿದ್ದೆವು, ಅವರ ಹುದ್ದೆಯನ್ನೂ ತಪ್ಪಾಗಿ ಬರೆದಿದ್ದೆವು.

ಆ ವರ್ಷವೇ ವೇದಿಕೆಯ ಸನ್ಮಾನವನ್ನು ನಿಲ್ಲಿಸಿದೆವು. ಅದರ ಬದಲು ಒಂದು ದಾಖಲೆ ಪುಸ್ತಕ ತೆರೆದೆವು. ಸುತ್ತಲಿನ ಹಳ್ಳಿಗಳಿಂದ ಸೇನೆಗೆ ಹೋದವರ, ನಿವೃತ್ತರಾಗಿ ಬಂದವರ ಮತ್ತು ಹಿಂದಿರುಗದೆ ಹೋದವರ ಹೆಸರುಗಳನ್ನು ಅದರಲ್ಲಿ ಬರೆಯಬೇಕು. ಯಾರೋ ಹೇಳಿದರೆಂದು ಬರೆಯಬಾರದು, ಮನೆಯವರ ಒಪ್ಪಿಗೆ ಪಡೆದು, ಡಿಸ್ಚಾರ್ಜ್ ಬುಕ್ಕನ್ನೋ ಪಿಂಚಣಿ ಆದೇಶವನ್ನೋ ಕಣ್ಣಾರೆ ನೋಡಿಯೇ ಬರೆಯಬೇಕು ಎಂಬ ನಿಯಮ ಮಾಡಿಕೊಂಡೆವು. ಮಡಿದವರ ಹೆಸರಿನ ಎದುರು ಇಂಗ್ಲಿಷ್ ತಾರೀಖಿನ ಜೊತೆಗೆ ಮನೆಯವರು ಆಚರಿಸುವ ತಿಥಿಯನ್ನೂ ಬರೆಯಿಸಿದೆ. ಎರಡು ದಿನಗಳೂ ಒಟ್ಟಿಗೆ ಬರುವುದು ಅಪರೂಪ, ಮತ್ತು ಮನೆಯವರು ನೆನೆಯುವ ದಿನವೇ ನಾವು ಹೋಗಬೇಕಾದ ದಿನ.

ನಾವು ನಡೆದುಕೊಳ್ಳುವ ರೀತಿಗೆ ದಾರಿ ತೋರಿಸಿದ್ದು ನಮ್ಮ ತಾಲ್ಲೂಕಿನದೇ ಆದ ಆತಕೂರಿನ ಶಾಸನ. ಸುಮಾರು ಕ್ರಿ.ಶ. 950ರ ಈ ಕಲ್ಲು ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳ ರಾಜಾದಿತ್ಯನನ್ನು ಎದುರಿಸಿದ ತಕ್ಕೋಲದ ಕದನವನ್ನು ನೆನೆಯುತ್ತದೆ. ಆ ಕಾಲದ ವೀರ ಮಣಲೇರನಿಗೆ ಒಡೆಯನು ಏನು ಬೇಕೋ ಕೇಳು ಎಂದಾಗ ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆಯುತ್ತಾನೆ. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸಾಯುತ್ತವೆ. ಕಾಳಿಯ ನೆನಪಿಗೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ಅದನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂದು ಬರೆಸಲಾಗಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೃತಜ್ಞತೆಯನ್ನು ಹೊಗಳಿಕೆಯ ಮಾತಿಗೆ ಬಿಡದೆ ಊಟಕ್ಕೆ ಮುಂಚಿನ ಕೆಲಸವಾಗಿ ಒಬ್ಬರ ಹೆಗಲಿಗೆ ಹೊರಿಸಿದ ಆ ಕ್ರಮ ನನಗೆ ಬಹಳ ದೊಡ್ಡದಾಗಿ ಕಂಡಿತು. ತರಗತಿಯಲ್ಲಿ ಇದನ್ನು ಹೇಳಿದ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಹಾಗಾದರೆ ನಾವೂ ತಿಂಡಿಗೆ ಮುಂಚೆ ಆ ಅವ್ವನ ಮನೆಗೆ ಹೋಗೋಣ ಸರ್ ಎಂದಳು. ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು.

ತಿಥಿಯ ಬೆಳಗ್ಗೆ ಏಳು ಗಂಟೆಗೆ ಐದಾರು ಮಕ್ಕಳು ಮಾತ್ರ ಹೋಗುತ್ತೇವೆ. ಹೆಚ್ಚು ಜನ ಹೋದರೆ ಅದು ಮೆರವಣಿಗೆಯಾಗುತ್ತದೆ. ಮನೆಯವರು ಹೇಳದೆ ಫೋಟೊ ತೆಗೆಯುವುದಿಲ್ಲ. ಯೋಧರ ಚಿತ್ರಕ್ಕೆ ಹೂವಿಟ್ಟು, ಹೆಸರು, ಹುದ್ದೆ, ದಳ ಮತ್ತು ಊರನ್ನು ಒಂದು ಮಗು ಗಟ್ಟಿಯಾಗಿ ಓದುತ್ತದೆ, ಆಮೇಲೆ ಎರಡು ನಿಮಿಷ ಮೌನವಾಗಿ ನಿಲ್ಲುತ್ತೇವೆ. ಮೊದಲ ವರ್ಷ ಆ ತಾಯಿ ಹೆಸರು ಕೇಳಿದೊಡನೆ ಒಳಗೆ ಹೋಗಿಬಿಟ್ಟರು, ನಾವು ಜಗಲಿಯಲ್ಲೇ ಕಾದೆವು. ಎರಡನೆಯ ವರ್ಷ ಅವರು ಬಾಗಿಲಲ್ಲೇ ನಿಂತಿದ್ದರು. ಮೂರನೆಯ ವರ್ಷ ಮಕ್ಕಳಿಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿಟ್ಟು, ಮಗನು ಕೆರೆಯಲ್ಲಿ ಈಜು ಕಲಿತದ್ದನ್ನೂ, ಮನೆಯಲ್ಲಿ ಬೇಡವೆಂದರೂ ಸೇನೆಯ ಭರ್ತಿಗೆ ಓಡಿದ್ದನ್ನೂ ಹೇಳಿದರು. ಅವನು ಹೇಗೆ ಸತ್ತನೆಂಬುದನ್ನು ನಾವು ಇಂದಿಗೂ ಕೇಳಿಲ್ಲ, ಅವನು ಹೇಗೆ ಬದುಕಿದ್ದನೆಂಬುದನ್ನೇ ಕೇಳುತ್ತೇವೆ.

ಮಾಜಿ ಸೈನಿಕರ ಬಳಿ ಹೋಗುವ ಮುಂಚೆಯೂ ಮಕ್ಕಳನ್ನು ಸಿದ್ಧಪಡಿಸಬೇಕಾಗುತ್ತದೆ, ಏಕೆಂದರೆ ಅವರ ಬಾಯಿಗೆ ಮೊದಲು ಬರುವ ಪ್ರಶ್ನೆ ಎಷ್ಟು ಶತ್ರುಗಳನ್ನು ಕೊಂದಿರಿ ಎಂಬುದು. ಅದನ್ನು ಕೇಳಬಾರದೆಂದು ಸ್ಪಷ್ಟವಾಗಿ ಹೇಳುತ್ತೇನೆ. ಚಳಿಯಲ್ಲಿ ನೀರು ಹೇಗೆ ಕಾಯಿಸುತ್ತಿದ್ದಿರಿ, ಮನೆಯ ಪತ್ರ ಎಷ್ಟು ದಿನಕ್ಕೆ ಬರುತ್ತಿತ್ತು ಎಂದು ಕೇಳಿದರೆ ಅವರ ಮುಖವೇ ಅರಳುತ್ತದೆ. ಲಾರಿ ಓಡಿಸಿದವರು, ಅಡುಗೆ ಮಾಡಿದವರು, ರಸ್ತೆ ಕಡಿದವರು ತಾವು ಯುದ್ಧ ಮಾಡಿದವರಲ್ಲವೆಂದು ಹಿಂಜರಿಯುತ್ತಾರೆ; ಅವರನ್ನೂ ಅಷ್ಟೇ ಆದರದಿಂದ ಕೂರಿಸಿ ಕೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇಷ್ಟರ ನಡುವೆ ನನಗೆ ತಿಳಿದದ್ದು, ಮನೆಗಳಿಗೆ ಹಾರಕ್ಕಿಂತ ಕಾಗದ ಪತ್ರದ ನೆರವು ಹೆಚ್ಚು ಬೇಕಾಗಿದೆ ಎಂಬುದು. ನವೆಂಬರ್ ಬಂದರೆ ಜೀವನ ಪ್ರಮಾಣ ಪತ್ರದ ಕೆಲಸ. ಅದು ತಪ್ಪಿದರೆ ಪಿಂಚಣಿ ನಿಲ್ಲಬಹುದು. ಕಳೆ ಕಿತ್ತು, ಕಬ್ಬು ಸವರಿ ಸವೆದ ಬೆರಳುಗಳ ಗುರುತನ್ನು ಯಂತ್ರ ಹಿಡಿಯದೆ ಆ ತಾಯಿ ಎರಡು ಬಾರಿ ಬರಿಗೈಯಲ್ಲಿ ಹಿಂದಿರುಗಿದ್ದರು. ಮುಖದ ಗುರುತಿನಿಂದಲೇ ಮೊಬೈಲಿನಲ್ಲಿ ಪ್ರಮಾಣ ಪತ್ರ ಸಲ್ಲಿಸುವ ವ್ಯವಸ್ಥೆ 2021ರಲ್ಲಿ ಬಂದ ಮೇಲೆ, ಕಾರ್ತೀಕದ ಆ ಬೆಳಗಿನ ಭೇಟಿಯಲ್ಲೇ, ಮೌನಾಚರಣೆಯ ನಂತರ, ಜಗಲಿಯ ಬೆಳಕಿನಲ್ಲಿ ಅದನ್ನೂ ಮುಗಿಸಿ ಬರುತ್ತೇವೆ.

2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿ.ಆರ್.ಪಿ.ಎಫ್.ನ 40 ಮಂದಿ ಬಲಿಯಾದಾಗ ಅವರಲ್ಲಿ ನಮ್ಮ ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಅವರೂ ಇದ್ದರು. ಅಂತಿಮ ದರ್ಶನಕ್ಕೆ ಜನಸಾಗರವೇ ಸೇರಿತ್ತು. ನಮ್ಮ ಮಕ್ಕಳೂ ಕೈಯಲ್ಲಿ ಕಾಗದದ ಬಾವುಟ ಹಿಡಿದು ರಸ್ತೆಯ ಬದಿಯಲ್ಲಿ ನಿಂತಿದ್ದರು. ಜನ ಚದುರಿದ ಮೇಲೆ ದೂಳಿನಲ್ಲಿ ಬಿದ್ದ ಬಾವುಟಗಳನ್ನು ಅವರೇ ಆಯ್ದು ತಂದರು. ಧ್ವಜ ಸಂಹಿತೆಯ ಪ್ರಕಾರ ಕಾಗದದ ಬಾವುಟವನ್ನು ನೆಲಕ್ಕೆ ಎಸೆಯುವಂತಿಲ್ಲ, ಗೌರವದಿಂದ ಏಕಾಂತದಲ್ಲಿ ವಿಲೇವಾರಿ ಮಾಡಬೇಕು. ಯೋಧರ ಪಾರ್ಥಿವ ಶರೀರಕ್ಕೆ ಹೊದಿಸುವ ಧ್ವಜದ ಕೇಸರಿ ಬಣ್ಣ ತಲೆಯ ಕಡೆಗಿರಬೇಕು, ಆ ಧ್ವಜವನ್ನು ಚಿತೆಯಲ್ಲಿ ಸುಡಬಾರದು, ಗುಂಡಿಯಲ್ಲಿ ಹೂಳಬಾರದು ಎಂದೂ ಅದರಲ್ಲಿದೆ. ಇದನ್ನೆಲ್ಲ ಮರುದಿನದ ಪಾಠದಲ್ಲಿ ವಿವರಿಸುವಾಗ ತರಗತಿ ಅಷ್ಟು ನಿಶ್ಶಬ್ದವಾಗಿದ್ದುದನ್ನು ನಾನು ಬೇರೆಂದೂ ಕಂಡಿಲ್ಲ.

ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ 1949ರಿಂದ ನಡೆದು ಬಂದಿದೆ. ಆ ದಿನ ಮಕ್ಕಳು ದೇಣಿಗೆ ಕೇಳುವಾಗ ಕೆಂಪು, ಕಡುನೀಲಿ ಮತ್ತು ತಿಳಿನೀಲಿ ಬಣ್ಣಗಳು ಭೂಸೇನೆ, ನೌಕಾಸೇನೆ ಮತ್ತು ವಾಯುಸೇನೆಯನ್ನು ಸೂಚಿಸುತ್ತವೆಂದು ಹೇಳಿಯೇ ಚೀಟಿಬಾವುಟ ಚುಚ್ಚಬೇಕು. ಹಣ ಎಷ್ಟು ಬಂತೆಂಬುದನ್ನು ಫಲಕದಲ್ಲಿ ಬರೆದು ಸಂಬಂಧಪಟ್ಟ ಇಲಾಖೆಗೆ ಕಟ್ಟುತ್ತೇವೆ.

ಬರುವ ವರ್ಷ ನನ್ನ ನಿವೃತ್ತಿ. ದಾಖಲೆ ಪುಸ್ತಕವನ್ನು ಹೊಸದಾಗಿ ಬಂದಿರುವ ಕನ್ನಡ ಶಿಕ್ಷಕಿಯವರಿಗೆ ಈಗಾಗಲೇ ಒಪ್ಪಿಸಿದ್ದೇನೆ. ಕಳೆದ ಕಾರ್ತೀಕದಲ್ಲಿ ಅವರನ್ನು ಆ ಮನೆಗೆ ಕರೆದೊಯ್ದು ಪರಿಚಯಿಸಿದಾಗ ಆ ತಾಯಿ ಅವರನ್ನು ಒಂದು ಕ್ಷಣ ನೋಡಿ, "ತಿಂಡಿ ತಿಂದ್ಕಂಡು ಬಂದಿಲ್ಲ ತಾನೇ ಮಗ?" ಎಂದು ಕೇಳಿ, ದೀಪಕ್ಕೆ ಎಣ್ಣೆ ಹಾಕಲು ಒಳಗೆ ಕರೆದರು.