ಕಮಿಟ್ ಮೆಸೇಜ್‌ನಲ್ಲಿ 'ಯಾಕೆ' ಬರೆಸಿದ್ದು: ನನ್ನ ಅನುಭವ

ಪುಣೆಯ ಹಿಂಜವಡಿಯ ನಮ್ಮ ಟೀಮ್‌ನಲ್ಲಿ ಎಂಟು-ಹತ್ತು ಜನ. ಅರ್ಧದಷ್ಟು ಬೆಳಗಾವಿ, ಹುಬ್ಬಳ್ಳಿ ಕಡೆಯವರು, ಉಳಿದವರು ಪುಣೆಯವರೇ. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಟೂಲ್ ಗಿಟ್. ಅದರಲ್ಲಿ ಉಳಿಸುವ ಒಂದೊಂದು ಬದಲಾವಣೆಯೂ ಒಂದು ಕಮಿಟ್, ಜೊತೆಗೆ ಬರೆಯುವ ವಿವರಣೆಯೇ ಕಮಿಟ್ ಮೆಸೇಜ್. ಹಿಂದೆ ನಮ್ಮ ಗಿಟ್ ಲಾಗ್ (ಕಮಿಟ್‌ಗಳ ಪಟ್ಟಿ) ತೆಗೆದರೆ ಉದ್ದಕ್ಕೂ 'ಫಿಕ್ಸ್', 'ಅಪ್‌ಡೇಟ್', 'ರಿವ್ಯೂ ಕಾಮೆಂಟ್ಸ್'. "ಡಿಫ್ (ಬದಲಾದ ಸಾಲುಗಳ ಪಟ್ಟಿ) ಇದೆಯಲ್ಲ, ಮೆಸೇಜ್ ಯಾಕೆ?" ಅನ್ನೋರೇ ಜಾಸ್ತಿ. ಇದನ್ನು ಬದಲಿಸೋಕೆ ಆಗೋದಿಲ್ಲ ಅಂದವರಿಗೆ ಈಗ ಲಾಗ್ ತೋರಿಸುತ್ತೇನೆ.

ಮೊದಲು ಮ್ಯಾನೇಜರ್ ಹುಕ್ ಹಾಕಿಸಿದರು, ಅಂದರೆ ಕಮಿಟ್ ಆಗುವ ಮೊದಲು ಮೆಸೇಜ್ ಪರೀಕ್ಷಿಸಿ ತಡೆಯುವ ಸ್ಕ್ರಿಪ್ಟ್. ಮೊದಲ ಸಾಲು 50 ಅಕ್ಷರ ಮೀರಬಾರದು, ಟಿಕೆಟ್ ನಂಬರ್ (ಕೆಲಸದ ಪಟ್ಟಿಯಲ್ಲಿನ ಸಂಖ್ಯೆ) ಕಡ್ಡಾಯ. ನಂಬರ್ ಬಂತು, ಅದರ ಮುಂದೆ ಅದೇ 'ಫಿಕ್ಸ್'. ಅವಸರ ಇದ್ದವರು 'ನೋ-ವೆರಿಫೈ' (ಹುಕ್‌ನ ಪರೀಕ್ಷೆ ಬಿಟ್ಟುಬಿಡುವ ಆಯ್ಕೆ) ಹಾಕಿ ದಾಟಿದರು. ಆಮೇಲೆ ಎಐ ಟೂಲ್ ಬಂತು, ತಿಂಗಳಿಗೆ ಏಳೆಂಟು ಸಾವಿರ. ಏನು ಬದಲಾಯಿತು ಅಂತ ಅದು ಚೆನ್ನಾಗೇ ಬರೆಯುತ್ತಿತ್ತು. ಯಾಕೆ ಅನ್ನೋದು ಡಿಫ್‌ನಲ್ಲೇ ಇಲ್ಲವಲ್ಲ, ಅದಕ್ಕೆ ಹೇಗೆ ಗೊತ್ತಾಗಬೇಕು?

ನಮ್ಮ ಬಿಲ್ಲಿಂಗ್‌ನಲ್ಲಿ ಜಿಎಸ್‌ಟಿ ಮೊತ್ತ ಪೈಸೆಗಳಲ್ಲಿ ತಪ್ಪತೊಡಗಿದಾಗ ಬಿಸಿ ತಟ್ಟಿತು. ಬೈಸೆಕ್ಟ್ ಮಾಡಿದೆ, ಅಂದರೆ ಪ್ರತಿ ಸುತ್ತಿನಲ್ಲೂ ಕಮಿಟ್‌ಗಳನ್ನು ಅರ್ಧಕ್ಕೆ ಇಳಿಸುತ್ತಾ ತಪ್ಪು ಶುರುವಾದ ಕಮಿಟ್ ಹುಡುಕಿದೆ. ಸಾವಿರದಷ್ಟು ಕಮಿಟ್‌ಗಳಿದ್ದರೂ ಹತ್ತು ಸುತ್ತಿನಲ್ಲಿ ಜಾಗ ಸಿಕ್ಕಿತು. ಮೆಸೇಜ್ 'ಮೈನರ್ ಚೇಂಜಸ್', ಒಳಗೆ ನಲವತ್ತು ಫೈಲ್. ಬರೆದವರು ಕೆಲಸ ಬಿಟ್ಟಾಗಿತ್ತು. ಅದರಲ್ಲಿದ್ದ, ತೆರಿಗೆ ಮೊತ್ತವನ್ನು ರೌಂಡ್ ಮಾಡುವ ಸಾಲು ಬೇಕಂತಲೇ ಹಾಕಿದ್ದಾ, ಕೈತಪ್ಪಿ ಬಂದದ್ದಾ ಅಂತ ತಿಳಿಯಲು ಇಬ್ಬರ ಒಂದು ವಾರ ಹೋಯಿತು. ಸಂಬಳದ ಲೆಕ್ಕದಲ್ಲೇ ಅರವತ್ತು ಸಾವಿರದ ಹತ್ತಿರ.

ಆಗ ಹಟ ಹಿಡಿದು ಹುಕ್ ತೆಗೆಸಿದೆ. ಮೆಸೇಜ್ ಬರೆಯಲು ತೆರೆಯುವ ಟೆಂಪ್ಲೇಟ್‌ನಲ್ಲಿ ಹ್ಯಾಶ್ (ಈ ಗುರುತಿನ ಸಾಲು ಮೆಸೇಜ್‌ಗೆ ಸೇರುವುದಿಲ್ಲ) ಹಾಕಿ ಒಂದೇ ಪ್ರಶ್ನೆ ಇಟ್ಟೆ: 'ಇದನ್ನು ಮಾಡದಿದ್ದರೆ ಏನಾಗುತ್ತಿತ್ತು?' ಎಲ್ಲರ ಕಾನ್ಫಿಗ್‌ನಲ್ಲೂ ಕಮಿಟ್ ವರ್ಬೋಸ್ ಆನ್, ಬರೆಯುವಾಗ ಕೆಳಗೇ ಡಿಫ್ ಕಾಣುತ್ತದೆ. ಒಂದು ವಾಕ್ಯದಲ್ಲಿ ಉತ್ತರ ಮುಗಿಯದಿದ್ದರೆ ಆ್ಯಡ್ ಪ್ಯಾಚ್ (ಬದಲಾವಣೆಗಳನ್ನು ತುಂಡುತುಂಡಾಗಿ ಆರಿಸುವ ಕಮಾಂಡ್) ಹಿಡಿದು ಕಮಿಟ್ ಒಡೆಯಬೇಕು. ರಿವ್ಯೂನಲ್ಲಿ ಕೋಡ್‌ಗಿಂತ ಮೊದಲು ಮೆಸೇಜ್ ಓದುತ್ತೇವೆ. 'ಡ್ಯಾಶ್ ಎಂ' (ಟೆಂಪ್ಲೇಟ್ ತೆರೆಯದೆ ಕಮಾಂಡ್‌ನಲ್ಲೇ ಮೆಸೇಜ್ ಬರೆದು ಮುಗಿಸುವ) ಚಟ ಬಿಡಿಸಿದ್ದು ಹೇಗೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಈಗ ಅದೇ ಬಿಲ್ಲಿಂಗ್ ಫೈಲ್‌ಗೆ ಬ್ಲೇಮ್ (ಪ್ರತಿ ಸಾಲು ಯಾವ ಕಮಿಟ್‌ನಿಂದ ಬಂತು ಅಂತ ತೋರಿಸುವ ಕಮಾಂಡ್) ಹಾಕಿದರೆ ಸಿಗುವುದರ ಸಾರ ಇಷ್ಟು: 'ತೆರಿಗೆಯನ್ನು ಒಟ್ಟು ಮೊತ್ತದ ಮೇಲೆ ರೌಂಡ್ ಮಾಡು. ಪ್ರತಿ ಸಾಲಿಗೂ ಮಾಡಿದರೆ ದೊಡ್ಡ ಇನ್‌ವಾಯ್ಸ್‌ನಲ್ಲಿ ಪೈಸೆಗಳು ಸೇರಿ ವ್ಯತ್ಯಾಸ ಬರುತ್ತದೆ.' ಎಷ್ಟು ನೇರ ಅಲ್ವಾ? ಇಂಥ ಬಗ್‌ಗೆ ಈಗ ಅರ್ಧ ದಿನವೂ ಬೇಡ.

ನಡುವೆ ಇನ್ನೊಂದು ಪ್ರಯೋಗ. ಊರಿನ ಗೆಳೆಯರ ಜೊತೆಗಿನ ಸ್ವಂತ ಪ್ರಾಜೆಕ್ಟ್‌ನಲ್ಲಿ ಮೆಸೇಜ್‌ಗಳನ್ನೆಲ್ಲ ಕನ್ನಡದಲ್ಲೇ ಬರೆದೆವು. ಗಿಟ್ ತಕರಾರಿಲ್ಲದೆ ತೆಗೆದುಕೊಂಡಿತು. ಹಳೇ ಹುಕ್ ಹಾಕಿದಾಗ ಮಾತ್ರ ಎಂಟೊಂಬತ್ತು ಅಕ್ಷರಕ್ಕೇ 'ಉದ್ದ ಜಾಸ್ತಿ' ಅಂತ ತಡೆಯಿತು. ಅದು ಬೈಟ್ ಎಣಿಸುತ್ತಿತ್ತು. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ (ಯುನಿಕೋಡ್‌ನಲ್ಲಿ ಪ್ರತ್ಯೇಕ ಸಂಖ್ಯೆ ಇರುವ ಅಕ್ಷರ ಅಥವಾ ಚಿಹ್ನೆ) 3 ಬೈಟ್, ಗುಣಿತದ ಚಿಹ್ನೆಗೂ ಬೇರೆ 3. ನಾವು ಆ ಸಾಲನ್ನು ತಿದ್ದಿ ಮಿತಿಯನ್ನು 80 ಕೋಡ್‌ಪಾಯಿಂಟ್‌ಗೆ ಏರಿಸಿದೆವು.